ಒಂದೇ ಆಜ್ಞೆ ಸಾಕು

ಅವನನ್ನು ಯಜಮಾನ ಎಂದು ಕರೆಯುತ್ತಿದ್ದವರಲ್ಲಿ ಮನೆಯವರು ಯಾರೂ ಇರಲಿಲ್ಲ. ಮನೆಯಲ್ಲಿ ಆ ಹುದ್ದೆ ಮದುವೆಯಾದ ವಾರದಲ್ಲೇ ಭರ್ತಿಯಾಗಿತ್ತು, ಹೆಂಡತಿ ಅದನ್ನು ಚೆನ್ನಾಗಿಯೇ ನಿಭಾಯಿಸುತ್ತಿದ್ದಳು. ಕಚೇರಿಯಲ್ಲೂ ಇಲ್ಲ. ಅಲ್ಲಿ ಅವನು ಕಟ್ಟಡಗಳ ನಕ್ಷೆ ಬರೆಯುತ್ತಿದ್ದ. ಅವನಿಗೆ ಮೇಲಿನವರು ಬಹಳ ಜನ, ಕೆಳಗಿನವನು ಒಬ್ಬನೇ, ಆ ಒಬ್ಬನೂ ಅವನ ಮಾತಿಗೆ ಸೊಪ್ಪು ಹಾಕುತ್ತಿರಲಿಲ್ಲ. ಯಜಮಾನನೆಂಬ ಹೆಸರು ಬಂದದ್ದು ‘ಎರವಲು’ ಎಂಬ ವೆಬ್ ಪ್ರೋಗ್ರಾಮಿನಿಂದ.

ಅವರ ಬೀದಿಯ ಕೊನೆಗೆ ಒಂದು ಖಾಲಿ ಶೆಡ್ಡು ಇತ್ತು. ಅಕ್ಕಪಕ್ಕದವರೆಲ್ಲ ಸೇರಿ ಅಲ್ಲಿ ಡ್ರಿಲ್ಲಿಂಗ್ ಮೆಷಿನ್, ಗರಗಸ, ತಳ್ಳುಗಾಡಿ, ಏಣಿ ಎಂದು ಒಂದಷ್ಟು ಸಾಮಾನು ಕೂಡಿಹಾಕಿದ್ದರು. ಬೇಕಾದವರು ಒಯ್ಯಬೇಕು, ಕೆಲಸ ಮುಗಿದ ಮೇಲೆ ತಂದಿಡಬೇಕು. ಮೊದಲನೆಯದು ಸಲೀಸಾಗಿ ನಡೆಯಿತು. ಎರಡನೆಯದು ನಡೆಯಲೆಂದು ಅವನು ಪ್ರೋಗ್ರಾಮು ಬರೆಯಬೇಕಾಯಿತು. ಯಾವ ವಸ್ತು ಯಾರ ಹತ್ತಿರ ಇದೆ ಎಂದು ಅದು ತೋರಿಸುತ್ತಿತ್ತು, ಅವಧಿ ಮೀರಿದರೆ ಒಯ್ದವರ ಫೋನಿಗೆ ನೆನಪಿನ ಸಂದೇಶ ಕಳಿಸುತ್ತಿತ್ತು. ಯಾರು ಬೇಕಾದರೂ ನೋಡಲಿ, ತಿದ್ದಲಿ, ತಮ್ಮೂರಿಗೂ ಬಳಸಿಕೊಳ್ಳಲಿ ಎಂದು ಅವನು ಅದರ ಕೋಡನ್ನೆಲ್ಲ ಓಪನ್ ಸೋರ್ಸ್ ಮಾಡಿ ಇಂಟರ್ನೆಟ್ಟಿಗೆ ಹಾಕಿದ. ಮುಖ ನೋಡಿರದ ಎಷ್ಟೋ ಜನ ಎಷ್ಟೋ ಊರುಗಳಿಂದ ಅದನ್ನು ತಿದ್ದಲು ಬಂದರು. ಕೊನೆಯ ಮಾತು ಇವನದಾದ್ದರಿಂದ ಯಜಮಾನ ಎಂದರು. ಇವನು ಮೊದಲ ಸಲ ನಾಚಿಕೊಂಡ. ಎರಡನೇ ಸಲದಿಂದ ಒಪ್ಪಿಕೊಂಡ.

ಇಡೀ ಪ್ರೋಗ್ರಾಮಿನಲ್ಲಿ ಅವನಿಗೆ ಪ್ರಾಣವಾಗಿದ್ದದ್ದು ಅದರ ಬಿಲ್ಡ್ ಸ್ಕ್ರಿಪ್ಟು. ಚೂರುಚೂರಾಗಿ ಬರೆದಿಟ್ಟ ನೂರಾರು ಫೈಲುಗಳನ್ನು ಒಟ್ಟುಗೂಡಿಸಿ, ಬೇಕಾದ ಹೊರಗಿನ ಸಾಮಗ್ರಿ ತರಿಸಿಕೊಂಡು, ಪರೀಕ್ಷೆಗಳನ್ನು ಓಡಿಸಿ, ನಿಮ್ಮ ಕಂಪ್ಯೂಟರಿನೊಳಗೇ ಒಂದು ಪುಟ್ಟ ‘ಎರವಲು’ ಎದ್ದು ನಿಲ್ಲುವಂತೆ ಮಾಡುವ ಆಜ್ಞೆಗಳ ಸರಮಾಲೆ ಅದು. ಬಳಸುವವರಿಗಾಗಿ ಬರೆದ ಸೂಚನೆಯ ತಲೆಯಲ್ಲೇ ಅವನು ಹಾಕಿದ್ದ: “ಒಂದೇ ಆಜ್ಞೆ ಸಾಕು. ಕೊಟ್ಟು, ಒಂದು ಲೋಟ ಕಾಫಿ ಕುಡಿದು ಬನ್ನಿ. ಎಲ್ಲ ಸಿದ್ಧವಾಗಿರುತ್ತದೆ.” ಈ ಸಾಲನ್ನು ಅವನು ಆಗಾಗ ತಾನೇ ತೆರೆದು ಓದಿಕೊಳ್ಳುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ; ಹೆಗ್ಗಣವನ್ನು ಹೆತ್ತವರಿಗೆ ಅದು ಹೆಗ್ಗಣವೆಂದು ಹೇಳುವವರು ಬೇಕಾಗುತ್ತದೆ.

ಹೇಳಿದಾಕೆ ಒಬ್ಬ ನರ್ಸ್. ದೂರದ ಊರಿನ ಆಸ್ಪತ್ರೆಯೊಂದರಲ್ಲಿ, ಮೂಳೆ ಮುರಿದುಕೊಂಡವರ ವಾರ್ಡಿನಲ್ಲಿ ಕೆಲಸ. ಅಲ್ಲಿ ಊರುಗೋಲು, ವಾಕರ್, ವೀಲ್‌ಚೇರುಗಳು ಒಂದು ಕೋಣೆಯಲ್ಲಿ ಧೂಳು ತಿನ್ನುತ್ತಿದ್ದವು. ಮನೆಗೆ ಹೋಗುವ ರೋಗಿಗಳಿಗೆ ಕೊಟ್ಟರೆ ಮರಳಿ ಬರುವುದಿಲ್ಲ ಎಂದು ಮೇಲಿನವರು ಕೋಣೆಗೆ ಬೀಗ ಹಾಕಿಸಿದ್ದರು. ‘ಎರವಲು’ ಇದಕ್ಕೆ ಹೇಳಿ ಮಾಡಿಸಿದಂತಿದೆ ಎಂದು ಆಕೆಗೆ ಅನ್ನಿಸಿತ್ತು. ಬಿಡುವಿನಲ್ಲಿ ಪ್ರೋಗ್ರಾಮಿಂಗ್ ಕಲಿತಿದ್ದಳು. ತನ್ನ ಕಂಪ್ಯೂಟರಿನಲ್ಲಿ ಮೊದಲು ಓಡಿಸಿ, ವಯಸ್ಸಾದವರಿಗೂ ಕಾಣುವಂತೆ ಅಕ್ಷರ ದೊಡ್ಡದು ಮಾಡಿ, ಆಮೇಲೆ ಆಸ್ಪತ್ರೆಯವರಿಗೆ ತೋರಿಸಬೇಕೆಂದಿದ್ದಳು.

ಆಕೆಯ ಸಂದೇಶ ಎಲ್ಲರೂ ಓದುವ ಚರ್ಚೆಯ ಪುಟಕ್ಕೇ ಬಂತು. “ಆಜ್ಞೆ ಕೊಟ್ಟೆ. ಕಾಫಿ ಕುಡಿದೆ. ಇನ್ನೊಂದು ಲೋಟವೂ ಆಯಿತು. ಪರದೆಯ ಮೇಲೆ ಕೆಂಪು ಅಕ್ಷರಗಳ ಹೊರತು ಏನೂ ಇಲ್ಲ. ಬಂದದ್ದನ್ನೆಲ್ಲ ಕೆಳಗೆ ಅಂಟಿಸಿದ್ದೇನೆ.”

ಅವನು ಅಂಟಿಸಿದ್ದನ್ನು ಓದಲಿಲ್ಲ. “ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ನಡೆಯುತ್ತಿದೆ” ಎಂದು ಬರೆದು, ಈ ಮಾತು ಸಾಕಷ್ಟು ಸೌಜನ್ಯದಿಂದ ಕೂಡಿದೆ ಎಂದು ತೃಪ್ತಿಪಟ್ಟ.

ಆಕೆ ಉತ್ತರಿಸಿದಳು: “ಸಂತೋಷ. ಹಾಗಾದರೆ ನಿಮ್ಮ ಕಂಪ್ಯೂಟರನ್ನೇ ಕಳಿಸಿಕೊಡಿ. ನಿಮ್ಮದು ಎರವಲು ಕೊಡುವ ಯೋಜನೆಯೇ ತಾನೇ? ಕೆಲಸ ಮುಗಿದ ಮೇಲೆ ವಾಪಸ್ ಮಾಡುತ್ತೇನೆ.”

ಉಳಿದ ಸಹಾಯಕರೆಲ್ಲ ಅದರ ಕೆಳಗೆ ನಗುವ ಮುಖಗಳನ್ನು ಹಾಕಿದರು. ವರ್ಷಗಳಿಂದ ಒಂದು ಸಾಲೂ ಬರೆಯದೆ ಸತ್ತಂತೆ ಬಿದ್ದಿದ್ದವರೂ ನಗಲು ಮಾತ್ರ ಎದ್ದು ಬಂದಿದ್ದರು.

ಆಕೆಯದೇ ತಪ್ಪೆಂದು ರುಜುವಾತು ಮಾಡಲು ಅವನಿಗೆ ತನ್ನದಲ್ಲದ ಒಂದು ಕಂಪ್ಯೂಟರು ಬೇಕಾಯಿತು. ಭಾನುವಾರ ಹೆಂಡತಿಯದನ್ನು ಕೇಳಿದ. ಅವಳದು ಕನ್ನಡಕದ ಅಂಗಡಿ. ಮನೆಯ ಊಟದ ಮೇಜಿನ ಮೇಲೆ ಫ್ರೇಮುಗಳನ್ನು ಹರವಿಕೊಂಡು ಸಡಿಲವಾದ ತಿರುಪುಗಳನ್ನು ಬಿಗಿ ಮಾಡುತ್ತಿದ್ದಳು.

“ತಗೊಳ್ಳಿ. ಏನೂ ಕೆಡಿಸಬೇಡಿ” ಎಂದಳು.

“ಒಂದೇ ಆಜ್ಞೆ ಕಣೇ. ಕೆಡೋಕೆ ಏನಿದೆ?”

ಆಜ್ಞೆ ಕೊಟ್ಟ. ಪರದೆ ಕೆಂಪಾಯಿತು.

“ಏನ್ರೀ ಅದು?”

“ಏನಿಲ್ಲ. ಚಿಕ್ಕದೊಂದು ಎಚ್ಚರಿಕೆ.”

“ಚಿಕ್ಕದಾದ್ರೆ ಇಡೀ ಪರದೆ ಯಾಕೆ ತುಂಬಿದೆ?”

ಅವನು ಕುರ್ಚಿಯನ್ನು ಸ್ವಲ್ಪ ಆಚೆ ತಿರುಗಿಸಿಕೊಂಡ. ಸ್ಕ್ರಿಪ್ಟು ಅವನ ಕಂಪ್ಯೂಟರಿನಲ್ಲಿ ಮಾತ್ರ ಇದ್ದ ಒಂದು ಫೋಲ್ಡರನ್ನು ಹುಡುಕುತ್ತಿತ್ತು. ಅದರ ಹೆಸರು ‘ಹೊಸದು-ನಿಜವಾಗಲೂ-ಹೊಸದು’. ಅದನ್ನು ಸರಿಪಡಿಸಿದರೆ, ತಾನು ಎಂದೋ ಕೈಯಾರೆ ಹಾಕಿಕೊಂಡು ಯಾರಿಗೂ ಹೇಳದೆ ಮರೆತಿದ್ದ ಇನ್ನೊಂದು ಪ್ರೋಗ್ರಾಮು ಬೇಕೆಂದಿತು. ಅದೂ ಆದ ಮೇಲೆ ನಿಂತುಬಿಟ್ಟಿತು. ಏನು ಕಾರಣ ಎಂದು ತಾನೇ ಬರೆದ ಸೂಚನೆಯನ್ನು ತೆರೆದು ನೋಡಿದ. ಹೆಂಡತಿ ಭುಜದ ಮೇಲಿಂದ ಬಗ್ಗಿ ಗಟ್ಟಿಯಾಗಿ ಓದಿದಳು: “‘ಮುಂದಿನ ಹಂತ ಎಲ್ಲರಿಗೂ ಗೊತ್ತಿರುವಂಥದ್ದೇ.’ ಏನ್ರೀ ಮುಂದಿನ ಹಂತ?”

ಅವನಿಗೆ ಗೊತ್ತಿರಲಿಲ್ಲ.

ಆ ಹೊತ್ತಿಗೆ ನರ್ಸ್ ಅಂಟಿಸಿದ್ದ ಕೆಂಪು ಸಾಲುಗಳನ್ನು ಮೊದಲ ಸಲ ಓದಿದ. ತನಗೆ ಮೊದಲು ಬಂದದ್ದಕ್ಕೂ ಅದಕ್ಕೂ ಒಂದಕ್ಷರದ ವ್ಯತ್ಯಾಸವೂ ಇರಲಿಲ್ಲ. ದೀಪದ ಕೆಳಗೆ ಕತ್ತಲೆ ಎಂಬ ಮಾತು ನೆನಪಾಯಿತು. ಆದರೆ ಹಾಗೆಂದರೆ ತಾನು ದೀಪ ಎಂದಾಗುತ್ತದೆ, ಅಷ್ಟರಮಟ್ಟಿಗೆ ಹೊಗಳಿಕೊಳ್ಳುವ ದಿನ ಇದಲ್ಲ ಎನ್ನಿಸಿ ಬಿಟ್ಟ.

ಊಟವಾದ ಮೇಲೂ ಕೂತು, ಹೇಗೆಂದು ತನಗೇ ತಿಳಿಯದೆ ಆ ಹಂತವನ್ನು ದಾಟಿದ. ಕೊನೆಗೆ ಉಳಿದದ್ದು ಸೆಟ್ಟಿಂಗ್ಸ್ ಫೈಲು ಒಂದೇ. ಬೇರೆಯವರಿಗಾಗಿ ಅದರ ಮಾದರಿಯೊಂದನ್ನು ಬರೆದಿಡಬೇಕಿತ್ತು. ಸೋಮಾರಿತನದಿಂದ, ತನ್ನ ಕಂಪ್ಯೂಟರಿನ ಫೈಲನ್ನೇ ಇಡಿಯಾಗಿ ಎತ್ತಿ ಹೆಂಡತಿಯದಕ್ಕೆ ಹಾಕಿದ. ಆಜ್ಞೆ ಕೊಟ್ಟ. ಹಸಿರು ಸಾಲುಗಳು ಒಂದರ ಹಿಂದೊಂದು ಇಳಿಯತೊಡಗಿದವು. ಹೆಂಡತಿಯ ಕಂಪ್ಯೂಟರಿನಲ್ಲಿ ಪುಟ್ಟ ‘ಎರವಲು’ ಎದ್ದು ನಿಂತಿತು. ಅವನು ಕೈಕಟ್ಟಿ ಒರಗಿದ.

“ನೋಡಿದ್ಯಾ?” ಎಂದ.

ಆಗ ಮೇಜಿನ ಮೇಲಿದ್ದ ಅವಳ ಫೋನು ಟಿಣ್ ಎಂದಿತು. ಮರುಕ್ಷಣ ಅವನದೂ. ಕಿಟಕಿಯಾಚೆ, ಪಕ್ಕದ ಮನೆಯ ಮೆಟ್ಟಿಲ ಮೇಲೆ ಕೂತಿದ್ದ ಮುದುಕರ ಜೇಬಿನಲ್ಲೂ ಒಂದು ಟಿಣ್.

ಹೆಂಡತಿ ಫೋನು ಎತ್ತಿ ಓದಿದಳು. ಓದಿ, ತಿರುಪು ಬಿಗಿಯುವ ಸಣ್ಣ ಸಲಕರಣೆಯನ್ನು ಕೆಳಗಿಟ್ಟಳು. ಆಮೇಲೆ ಗಟ್ಟಿಯಾಗಿ ಓದಿದಳು:

“‘ಭಾವ, ಏಣಿ ಒಯ್ದು ಯಾವ ಕಾಲವಾಯಿತು? ಸ್ವರ್ಗಕ್ಕೇನಾದರೂ ಹಾಕಿಕೊಂಡಿದ್ದೀರಾ? ಇಳಿದು ಬಂದ ಮೇಲಾದರೂ ವಾಪಸ್ ಕೊಡಿ.’”

ನಡೆದದ್ದು ಇಷ್ಟು. ಪ್ರೋಗ್ರಾಮನ್ನು ಪರೀಕ್ಷಿಸಲು ಸುಳ್ಳು ಸದಸ್ಯರೂ ಸುಳ್ಳು ಸಂದೇಶಗಳೂ ಬೇಕಾಗುತ್ತವೆ. ಬರೆಯುವ ಕಾಲಕ್ಕೆ ಬೇರೆ ಯಾರೂ ಹೊಳೆಯದೆ ಅವನು ನೆಂಟರನ್ನೇ ಹಾಕಿದ್ದ. ಚಿಕ್ಕಮ್ಮನ ಕೈಗೆ ಗರಗಸ, ಷಡ್ಡಕನಿಗೆ ತಳ್ಳುಗಾಡಿ, ಹೆಂಡತಿಯ ಅಣ್ಣನಿಗೆ ಏಣಿ. ಚಿಕ್ಕಮ್ಮ ಜನ್ಮದಲ್ಲಿ ಗರಗಸ ಮುಟ್ಟಿದವರಲ್ಲ. ಆದರೆ ಭಾವ ಮಾತ್ರ ಶೆಡ್ಡಿನ ಏಣಿಯನ್ನು ನಿಜವಾಗಿ ಒಯ್ದಿದ್ದರು, ನಿಜವಾಗಿ ತಂದಿರಲಿಲ್ಲ. ಪರೀಕ್ಷೆಯ ಸಂದೇಶ ಹೊರಗೆ ಹೋಗದೆ ಪರದೆಯ ಮೇಲಷ್ಟೇ ಕಾಣಲಿ ಎಂಬ ಒಂದು ಸಾಲು ಅವನ ಕಂಪ್ಯೂಟರಿನಲ್ಲಿ ಬೇರೆಲ್ಲೋ ಇತ್ತು. ಅದು ಹೆಂಡತಿಯದರಲ್ಲಿ ಇರಲಿಲ್ಲ. ಬೀದಿಯ ನಿಜವಾದ ಸದಸ್ಯರೆಲ್ಲರ ಫೋನ್ ನಂಬರುಗಳಿಗೆ ದಾರಿ ತೋರಿಸುವ ಸಾಲು ಮಾತ್ರ ಆ ಸೆಟ್ಟಿಂಗ್ಸ್ ಫೈಲಿನ ಜೊತೆ ಬಂದಿತ್ತು.

“ನಮ್ಮಣ್ಣನಿಗೂ ಹೋಗಿರುತ್ತಾ ಇದು?” ಹೆಂಡತಿ ಕೇಳಿದಳು.

“ಅವರೂ ಸದಸ್ಯರೇ ಅಲ್ವಾ.”

“ಸರಿ ಹಾಗಾದ್ರೆ” ಎಂದಳು ಅವಳು. ತಿರುಪಿನ ಕೆಲಸಕ್ಕೆ ಮರಳಿದಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

“ತಪ್ಪಾಗಿ ಬಂದ ಸಂದೇಶ, ದಯವಿಟ್ಟು ಕ್ಷಮಿಸಿ” ಎಂದು ಎಲ್ಲರಿಗೂ ಕಳಿಸಬೇಕೆಂದು ಅವನು ಟೈಪು ಮಾಡತೊಡಗಿದ. ಅಷ್ಟರೊಳಗೆ ಗೇಟಿನ ಸದ್ದಾಯಿತು. ಎದುರು ಸಾಲಿನ ಬೇಕರಿಯವನು ಒಂದು ಮಡಚುವ ಏಣಿಯನ್ನು ಹೆಗಲ ಮೇಲೆ ಹೊತ್ತು ನಿಂತಿದ್ದ.

“ನಾನು ನಿಮಗೆ ಭಾವ ಹೇಗಾದೆ ಅಂತ ಗೊತ್ತಾಗ್ಲಿಲ್ಲ” ಎಂದ. “ಆದ್ರೂ ಕೇಳಿದ್ದು ನ್ಯಾಯ. ಹಿಡೀರಿ.”

ಅವನ ಬೆನ್ನಿಗೇ ಸಂಗೀತ ಕಲಿಸುವ ಮೇಡಂ ಡ್ರಿಲ್ಲಿಂಗ್ ಮೆಷಿನ್ ತಂದರು. ಅದಕ್ಕೂ ಏಣಿಗೂ ಸಂಬಂಧವಿಲ್ಲ, ಆದರೆ ಸ್ವರ್ಗದ ಮಾತು ತಮಗೇ ಹೇಳಿದಂತಿತ್ತು ಎಂದರು. ಪಂಪು ಬಂತು. ಬಣ್ಣ ಬಳಿಯುವ ಉರುಳೆ ಬಂತು. ತಳ್ಳುಗಾಡಿ ಬರುವಾಗ ಅದರೊಳಗೆ ಎರಡು ಗರಗಸಗಳೂ ಬಂದವು. ಪಕ್ಕದ ಮನೆಯ ಮುದುಕರು ಒಂದು ಸುತ್ತಿಗೆ ತಂದರು. ಶೆಡ್ಡಿನಲ್ಲಿ ಇಂಥ ಸುತ್ತಿಗೆ ಎಂದೂ ಇರಲಿಲ್ಲವಲ್ಲ ಎಂದು ಅವನು ಅಂದರೆ, “ಇದು ನಂದೇ. ಆದ್ರೂ ಇಟ್ಕೊಳ್ಳಿ, ಮನಸ್ಸು ಯಾಕೋ ಕಟಕಟ ಅಂತಿದೆ” ಎಂದು ಕೊಟ್ಟೇ ಹೋದರು. ಸಭ್ಯವಾದ ನೆನಪಿನ ಸಂದೇಶಗಳನ್ನು ವರ್ಷಗಟ್ಟಲೆ ಕಳಿಸಿ ಆಗದ ಕೆಲಸ ಒಂದು ಅಸಭ್ಯ ಸಂದೇಶದಿಂದ ಒಂದು ಮಧ್ಯಾಹ್ನದಲ್ಲಿ ಆಗಿತ್ತು. ಇದರಲ್ಲಿ ತನ್ನ ಹೆಗ್ಗಳಿಕೆಯೇನಾದರೂ ಇದೆಯೇ ಎಂದು ಅವನು ಒಂದು ಕ್ಷಣ ಹುಡುಕಿ ನೋಡಿದ.

ಸಂಜೆಗೆ ಮುಂಚೆ ಭಾವ ಬಂದರು. ಅವರು ಕಾರು ಓಡಿಸಲು ಕಲಿಸುವವರು. ತಲೆಯ ಮೇಲೆ ಕೆಂಪು ಅಕ್ಷರದ ಫಲಕ ಹೊತ್ತ ಶಾಲೆಯ ಕಾರಿನಲ್ಲೇ ಬಂದಿದ್ದರು. ಏಣಿ ತಂದಿರಲಿಲ್ಲ. ವರಾಂಡದಲ್ಲಿ ರಾಶಿ ಬಿದ್ದಿದ್ದ ಸಾಮಾನನ್ನು ನೋಡಿ, ಬದಿಗೆ ದಾಟಿ, ಒಳಗೆ ಬಂದು ಕೂತರು.

“ಏಣಿ ತರೋಕಾಗಲ್ಲ” ಎಂದರು. “ನಮ್ಮ ಸ್ಕೂಲಿನ ಬೋರ್ಡು ಅದಕ್ಕೇ ಒರಗಿ ನಿಂತಿದೆ. ಏಣಿ ತೆಗೆದ್ರೆ ಬೋರ್ಡು ಬೀಳುತ್ತೆ.”

“ಪರವಾಗಿಲ್ಲ ಭಾವ. ಅದು ಬರೀ ಪರೀಕ್ಷೆಗೆ ಅಂತ...”

“ನನ್ನ ಹತ್ರ ಹೇಳ್ಬೋದಿತ್ತಲ್ಲ ನೀನು. ಊರಿಗೆಲ್ಲ ಹೇಳೋಕೆ ಮುಂಚೆ.”

ನಿಜ, ಇಷ್ಟು ಕಾಲದಲ್ಲಿ ಅವನು ಒಂದು ಸಲವೂ ಬಾಯಿಬಿಟ್ಟು ಕೇಳಿರಲಿಲ್ಲ. ಎದುರಿಗೆ ಸಿಕ್ಕಾಗಲೆಲ್ಲ “ಆರೋಗ್ಯವೇ ಭಾವ” ಎಂದು ನಕ್ಕು, ಮನೆಗೆ ಬಂದು ಕೋಡಿನೊಳಗೆ ಮುಯ್ಯಿ ತೀರಿಸಿಕೊಂಡಿದ್ದ. ಅದು ಧೈರ್ಯದ ಕೆಲಸವೆಂದೇ ಇಷ್ಟು ದಿನ ಅಂದುಕೊಂಡಿದ್ದ.

“ಎಷ್ಟು ದಿನದಿಂದ ಇದೆ ಆ ಮಾತು ಅದರಲ್ಲಿ?” ಭಾವ ಕೇಳಿದರು.

“ಶುರುವಿನಿಂದ.”

“ಯಾರು ಬೇಕಾದ್ರೂ ಓದಬಹುದು ಅಂತಿದ್ಯಲ್ಲ, ಅದರಲ್ಲೇ?”

“ಅದರಲ್ಲೇ.”

ಹೆಂಡತಿ ಕಾಫಿ ತಂದಿಟ್ಟಳು. “ಅಣ್ಣ, ಇವರು ಮಾಡಿದ್ದು ತಪ್ಪೇ. ಕುಡಿ” ಎಂದಳು. ಗಂಡನ ಲೋಟವನ್ನು ಎರಡು ಮೊಳ ದೂರದಲ್ಲಿಟ್ಟಳು.

ಭಾವ ಆ ಪುಟವನ್ನು ತಾವೇ ನೋಡಬೇಕೆಂದರು. ಬೇರೆ ದಾರಿಯಿಲ್ಲದೆ ಅವನು ಚರ್ಚೆಯ ಪುಟ ತೆರೆದ. ಅಲ್ಲಿ ಅವನು ಮಧ್ಯಾಹ್ನವೇ ನರ್ಸ್‌ಗೆ ಉತ್ತರವಾಗಿ ತಪ್ಪೊಪ್ಪಿಗೆ ಬರೆದಿದ್ದ: ಸ್ಕ್ರಿಪ್ಟು ತನ್ನ ಮನೆಯಾಚೆ ಎಲ್ಲೂ ನಡೆಯುವುದಿಲ್ಲ, ಪರೀಕ್ಷೆಯ ಸಂದೇಶ ಇಡೀ ಬೀದಿಗೆ ಹೋಗಿದೆ, ಭಾವನವರಿಗೂ ಮುಟ್ಟಿದೆ. ಅದರ ಕೆಳಗೆ ಉತ್ತರಗಳ ಸಾಲೇ ಇತ್ತು. ಭಾವ ಕನ್ನಡಕ ಏರಿಸಿಕೊಂಡು ಒಂದೊಂದೇ ಓದಿದರು.

“ಭಾವ ಅನ್ನುವವರು ನಿಜವಾಗಿಯೂ ಇದ್ದಾರೆಯೇ?” ಎಂದು ಒಬ್ಬ ಕೇಳಿದ್ದ. ಇನ್ನೊಬ್ಬಳು ಬರೆದಿದ್ದಳು: “ನಾವು ನಿಮ್ಮ ಸ್ಕ್ರಿಪ್ಟಿನ ಗೊಡವೆಗೆ ಹೋಗದೆ ಪರೀಕ್ಷೆಗಳನ್ನಷ್ಟೇ ಓಡಿಸುತ್ತೇವೆ. ಫೇಲಾದಾಗಲೆಲ್ಲ ‘ಭಾವ ಇನ್ನೂ ಇಳಿದಿಲ್ಲ’ ಅನ್ನುತ್ತೇವೆ. ಪಾಸಾದರೆ ‘ಭಾವ ಇಳಿದರು’.” ಮತ್ತೊಂದು ಊರಿನವನು, “ಅವರಿಗೆ ನನ್ನ ನಮಸ್ಕಾರ ಹೇಳಿ. ನಾನು ಮೊದಲು ಕಲಿತ ಪರೀಕ್ಷೆಯೇ ಅವರದು” ಎಂದಿದ್ದ.

ಭಾವ ಕನ್ನಡಕ ತೆಗೆದು ಮಡಚಿದರು.

“ಅಂದ್ರೆ ಇವರಿಗೆಲ್ಲ ನಾನು ಗೊತ್ತು.”

“ನೀವೇ ಅಂತಲ್ಲ ಭಾವ. ಹೆಸರಿಗೆ ಒಬ್ಬರು...”

“ಏಣಿ ಒಯ್ದಿದ್ದು ನಾನು ತಾನೇ?”

“ಹೌದು.”

“ಕೊಡದೇ ಇದ್ದಿದ್ದೂ ನಾನೇ ತಾನೇ? ಹಾಗಾದ್ರೆ ನಾನೇ.” ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕುಡಿದರು. “ನಾಳೆ ಬೆಳಿಗ್ಗೆ ಸ್ಕೂಲಿಗೆ ಬಾ. ಅಲ್ಲಿ ನನ್ನದೊಂದು ಕಂಪ್ಯೂಟರಿದೆ. ನಿನ್ನ ಸೂಚನೆ ನೋಡ್ಕೊಂಡು ನಾನೇ ಅದನ್ನ ಓಡಿಸ್ತೀನಿ. ನೀನು ಪಕ್ಕದಲ್ಲಿ ಕೂತ್ಕೋ. ಬಾಯಿ ಬಿಡಬಾರದು, ಕೈ ಹಾಕಬಾರದು.”

“ಯಾಕೆ ಭಾವ?”

“ಲೈಸೆನ್ಸ್ ಪರೀಕ್ಷೇಲಿ ಕಲಿಸಿದೋನು ಸ್ಟೀರಿಂಗ್ ಹಿಡಿದ್ರೆ ಪಾಸಾಗೋದು ಯಾರು?”

ಅವನು ಕಚೇರಿಗೆ ಅರ್ಧ ದಿನ ರಜೆ ಹಾಕಿ ಹೋದ. ಹೋಗುವ ಮುಂಚೆ ಕೂತು ಸ್ಕ್ರಿಪ್ಟನ್ನು ಇದ್ದಷ್ಟು ಬುದ್ಧಿಯಿಂದ ತಿದ್ದಿದ್ದ. ಹೊರಗೆ ಏನನ್ನೂ ಕಳಿಸದ ಮಾದರಿ ಸೆಟ್ಟಿಂಗ್ಸ್ ಹಾಕಿದ್ದ, ನಿಜವಾದ ನಂಬರುಗಳ ದಾರಿಯನ್ನೇ ಮುಚ್ಚಿದ್ದ, ಎಲ್ಲರಿಗೂ ಗೊತ್ತಿರುವ ಹಂತ ಯಾವುದೆಂದು ಕಡೆಗೂ ಕಂಡುಹಿಡಿದು ಬರೆದಿದ್ದ. ಡ್ರೈವಿಂಗ್ ಸ್ಕೂಲೆಂದರೆ ಒಂದೇ ಕೋಣೆ. ಗೋಡೆಯ ತುಂಬ ರಸ್ತೆ ಚಿಹ್ನೆಗಳು. ಕಿಟಕಿಯಿಂದ ಏಣಿಯ ಬೆನ್ನು ಕಾಣುತ್ತಿತ್ತು. ಭಾವ ಒಂದು ಬೆರಳಿನಲ್ಲಿ ಟೈಪು ಮಾಡುವವರು. ಸೂಚನೆಯ ಪ್ರತಿ ಪದವನ್ನೂ ಬಾಯಲ್ಲಿ ಆಡಿ ನೋಡಿದರು.

“‘ಟರ್ಮಿನಲ್ ತೆರೆಯಿರಿ.’ ಟರ್ಮಿನಲ್ ಅಂದ್ರೆ?”

ಅವನು ಬಾಯಿ ತೆರೆದ. ಭಾವ ಬಲಗಾಲನ್ನು, ಇಲ್ಲದ ಬ್ರೇಕಿನ ಮೇಲೆ ಒತ್ತಿದಂತೆ, ನೆಲಕ್ಕೆ ಒತ್ತಿದರು. ಅವನು ಬಾಯಿ ಮುಚ್ಚಿಕೊಂಡ. ಮುಚ್ಚಿದ ಬಾಯಿಯಲ್ಲೇ ಮಡಿಲಲ್ಲಿದ್ದ ಹಾಳೆಯ ಮೇಲೆ ಗುರುತು ಹಾಕಿಕೊಂಡ: ಟರ್ಮಿನಲ್ ಎಂದರೇನು, ಎಲ್ಲಿರುತ್ತದೆ, ಹೇಳಬೇಕು.

ಅದನ್ನು ಭಾವ ತಾವೇ ಹುಡುಕಿಕೊಂಡರು. ಆಮೇಲೆ ಸೂಚನೆಯಲ್ಲಿದ್ದ ಆಜ್ಞೆಯನ್ನು ಅದರ ಸುತ್ತ ಇದ್ದ ಉದ್ಧರಣ ಚಿಹ್ನೆಗಳ ಸಮೇತ ಟೈಪು ಮಾಡಿದರು, ಏಕೆಂದರೆ ಹಾಗೇ ಬರೆದಿತ್ತು. ಕೆಂಪು ಬಂತು. ಅವನು ಕೈಗಳನ್ನು ತೊಡೆಯ ಕೆಳಗೆ ಅಡಗಿಸಿ ಕೂತ. ಚಿಹ್ನೆ ತೆಗೆದರೆ ಆಗುತ್ತದೆ ಎಂಬ ಎರಡು ಮಾತು ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂದು ನರ್ಸ್‌ ಬಗ್ಗೆ ಯೋಚಿಸಿದ್ದು ನೆನಪಾಯಿತು. ಈಗ ನೆಲ ಯಾರು ಹಾಸಿದ್ದೆಂದು ಕಣ್ಣೆದುರಿಗೇ ಇತ್ತು. ಇಷ್ಟು ವರ್ಷ ಜನ ಹೀಗೇ ಯಾವುದೋ ಕೋಣೆಯಲ್ಲಿ, ಪಕ್ಕದಲ್ಲಿ ಕೇಳಲು ಯಾರೂ ಇಲ್ಲದೆ, ತನ್ನ ಸಾಲುಗಳ ಮುಂದೆ ಬೆವರಿ ಎದ್ದು ಹೋಗಿರಬೇಕು. ಎಷ್ಟು ಜನವೋ. ಅವರು ಯಾರೂ ದೂರು ಬರೆಯಲಿಲ್ಲ. ಅದನ್ನೇ ಅವನು ಸ್ಕ್ರಿಪ್ಟಿನ ಗುಣವೆಂದು ತಿಳಿದಿದ್ದ.

ಭಾವ ಚಿಹ್ನೆಗಳನ್ನು ಒಂದೊಂದಾಗಿ ಅಳಿಸಿದರು. ಮತ್ತೆ ಕೊಟ್ಟರು. ಹಸಿರು ಇಳಿಯಿತು. ನಡುವೆ ಒಂದು ಕಡೆ ನಿಂತು “ಮುಂದುವರಿಯಲೇ?” ಎಂದು ಕೇಳಿತು, ಆ ಪ್ರಶ್ನೆ ಅಲ್ಲಿ ಬರುತ್ತದೆಂದು ಬರೆದವನಿಗೇ ತಿಳಿದಿರಲಿಲ್ಲ. ಭಾವ ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಹೌದು ಎಂದರು. ಪುಟ ತೆರೆದುಕೊಂಡಿತು.

ಅವರು ಹಿಗ್ಗಲಿಲ್ಲ, ಬೀಗಲೂ ಇಲ್ಲ. ಹೊರಗೆ ಕಲಿಯಲು ಬಂದ ಹೆಂಗಸೊಬ್ಬಳು ಕಾಯುತ್ತಿದ್ದಳು. ಕಾರಿನ ಕೀ ತೆಗೆದುಕೊಂಡು ಎದ್ದರು.

“ಚೆನ್ನಾಗಿದೆ. ಆದ್ರೆ ಒಂದೇ ಆಜ್ಞೆ ಸಾಕು ಅಂತ ಇದೆಯಲ್ಲ ಮೇಲೆ. ಅದನ್ನ ತೆಗಿ. ಸುಳ್ಳು.”

“ತೆಗೀತೀನಿ. ನಿಮ್ಮ ಮಾತು ಇರೋ ಪರೀಕ್ಷೆನೂ ತೆಗೀತೀನಿ ಭಾವ.”

ಭಾವ ಬಾಗಿಲಲ್ಲಿ ನಿಂತರು. “ಅದ್ಯಾಕೆ ತೆಗೀತೀಯ? ಅಲ್ಲಿ ಅಷ್ಟು ಜನ ಕೇಳ್ತಿದ್ದಾರೆ” ಎಂದು ಹೇಳಿ, ಇವನ ಮುಖ ನೋಡದೆ ಹೊರಟುಹೋದರು.

ಅವನು ಅಲ್ಲೇ, ರಸ್ತೆ ಚಿಹ್ನೆಗಳ ಕೆಳಗೆ ಕೂತು, ಹಾಳೆಯಲ್ಲಿ ಗುರುತು ಹಾಕಿದ್ದನ್ನೆಲ್ಲ ಸೂಚನೆಗೆ ಸೇರಿಸಿದ. ಮುಂಚೆ ಬೆರಳುದ್ದ ಇದ್ದ ಸೂಚನೆ ಮೊಳವಾಯಿತು. ಜಾಣತನದ ಸಾಲು ಒಂದೂ ಉಳಿಯಲಿಲ್ಲ. ನರ್ಸ್‌ಗೆ ಕ್ಷಮೆ ಕೇಳಿ ಹೊಸ ಸೂಚನೆ ಕಳಿಸಿದ. ಆಕೆ ಕೊಂಕು ಮಾತಾಡಲಿಲ್ಲ, “ಇವತ್ತು ಡ್ಯೂಟಿ ಮುಗಿಸಿ ನೋಡುತ್ತೇನೆ” ಎಂದಷ್ಟೇ ಬರೆದಳು.

ವಾರ ಕಳೆದ ಮೇಲೆ, ಅವನು ಕಚೇರಿಯಲ್ಲಿ ಯಾರದೋ ಮನೆಯ ಮೆಟ್ಟಿಲು ಬರೆಯುತ್ತಿದ್ದಾಗ ಆಕೆಯ ಫೋನು ಬಂತು. ದನಿ ಅವನು ಊಹಿಸಿದ್ದಕ್ಕಿಂತ ಚಿಕ್ಕ ವಯಸ್ಸಿನದು.

“ಸರ್, ಬೀಗ ತೆಗೆಸಿದ್ವಿ. ಬೆಳಿಗ್ಗೆ ಮೊದಲನೇ ವಾಕರ್ ಹೋಯ್ತು. ಸೊಂಟದ ಆಪರೇಷನ್ ಆಗಿದ್ದ ಅಜ್ಜಿಯೊಬ್ಬರು. ಅದನ್ನ ಹಿಡ್ಕೊಂಡು ಗೇಟಿನವರೆಗೆ ತಾವೇ ನಡ್ಕೊಂಡು ಹೋದ್ರು. ಮಗ ಆಟೋ ತರ್ತೀನಿ ಅಂದ್ರೂ ಕೇಳ್ಲಿಲ್ಲ.”

“ಒಳ್ಳೇದು ಸಿಸ್ಟರ್” ಎಂದ. ಇನ್ನೂ ಏನಾದರೂ ಹೇಳಬೇಕೆನ್ನಿಸಿ, “ತುಂಬಾ ಒಳ್ಳೇದು” ಎಂದ.

“ಆದ್ರೆ ಇನ್ನೊಂದಿದೆ ಸರ್. ವಾರ್ಡಿನ ಹಳೇ ಕಂಪ್ಯೂಟರಲ್ಲಿ ಪರದೆ ಮೇಲಿನ ಗುಂಡಿಗಳು ಒಂದರ ಮೇಲೊಂದು ಕೂತಿವೆ. ಯಾವುದು ಒತ್ತಿದ್ರೆ ಯಾವುದಾಗುತ್ತೋ ಗೊತ್ತಾಗಲ್ಲ. ನಿಮಗೆ ಈಗ ಬಿಡುವಿದೆಯಾ?”

ಬಿಡುವಿರಲಿಲ್ಲ. ಮೇಲಿನವರಲ್ಲಿ ಒಬ್ಬರು ಗಾಜಿನ ಬಾಗಿಲಿನಾಚೆಯಿಂದ ಇವನನ್ನೇ ನೋಡುತ್ತಿದ್ದರು. ಅವನು ನಕ್ಷೆಯನ್ನು ಬದಿಗೆ ಸರಿಸಿ, ಪೆನ್ಸಿಲ್ಲಿನ ತುದಿ ಮಾಡಿಕೊಂಡು, ಒಂದು ಹಾಳೆ ಎಳೆದುಕೊಂಡ.

“ನಿಮಗೆ ಅಲ್ಲಿ ಏನೇನು ಕಾಣ್ತಿದೆ, ಮೇಲಿಂದ ಶುರು ಮಾಡಿ ಹೇಳಿ. ನಿಧಾನಕ್ಕೆ ಹೇಳಿ ಪರವಾಗಿಲ್ಲ.”

ಆಕೆ ಹೇಳುತ್ತಾ ಹೋದಳು. ಅವನು ಬರೆದುಕೊಂಡ.